ನನ್ನ ಹೆಸರಿನ ಕಾಗದವನ್ನು ಇವರೇಕೆ ಒಡೆದರು?

ನಮ್ಮ ಕ್ರೈಸ್ತ ಮನೆಗಳಲ್ಲಿ ಉಪ್ಪಿಗಿಂತ ಧಾರಾಳವಾಗಿ ಖರ್ಚಾಗುವ ಒಂದು ಮಾತಿದೆ: ‘ದೇವರ ಚಿತ್ತ’. ಮಗು ಹುಟ್ಟಿದರೆ ದೇವರ ಚಿತ್ತ, ಹುಟ್ಟದಿದ್ದರೂ ದೇವರ ಚಿತ್ತ. ಸಂಬಂಧ ಕುದುರಿದರೂ ಅದೇ, ಮುರಿದರೂ ಅದೇ. ಕ್ರೈಸ್ತರಲ್ಲದ ಓದುಗರಿಗೆ ಇದೇನೂ ಹೊಸದೆನಿಸದು. ನಿಮ್ಮ ಮನೆಗಳಲ್ಲಿ ಇದನ್ನು ಹಣೆಬರಹ ಎನ್ನುತ್ತಾರೆ, ಋಣಾನುಬಂಧ ಎನ್ನುತ್ತಾರೆ. ಆದರೆ ಸಣ್ಣದೊಂದು ವ್ಯತ್ಯಾಸವಿದೆ. ಹಣೆಬರಹ ಎಂಬುದು ಸಾಮಾನ್ಯವಾಗಿ ಆಗಿಹೋದದ್ದಕ್ಕೆ ಹೇಳುವ ಸಮಾಧಾನ. ದೇವರ ಚಿತ್ತವನ್ನು ನಾವು ಇನ್ನು ಆಗಬೇಕಾದ್ದಕ್ಕೂ ಹುಡುಕುತ್ತೇವೆ. ನನ್ನ ಬದುಕಿನಿಂದ ದೇವರು ಏನನ್ನು ಬಯಸುತ್ತಾನೆ, ನಾನು ಓದಬೇಕೋ ದುಡಿಯಬೇಕೋ, ಯಾರನ್ನು ಮದುವೆಯಾಗಬೇಕು, ಆಗಲೇಬೇಕೋ ಎಂದು ಕೇಳಿಕೊಳ್ಳುವುದು ನಮ್ಮ ನಂಬಿಕೆಯ ಒಂದು ಭಾಗ. ಆ ಪ್ರಶ್ನೆಯ ಬಗ್ಗೆ ನನ್ನ ತಕರಾರಿಲ್ಲ. ಅದನ್ನು ನಾನೂ ಕೇಳಿಕೊಂಡೇ ಬೆಳೆದವಳು. ನನ್ನ ತಕರಾರು, ಹೆಂಗಸಿನ ಪರವಾಗಿ ಉತ್ತರವನ್ನು ತಾವೇ ತಂದುಕೊಡುವವರ ಮೇಲೆ.

ಅಜ್ಜಂಪುರದಲ್ಲಿ ಹುಟ್ಟಿ, ತರೀಕೆರೆಗೆ ಸೊಸೆಯಾಗಿ ಹೋಗಿ, ಕಡೂರಿನಲ್ಲಿ ಟೀಚರ್ ಕೆಲಸ ಮಾಡಿದವಳು ನಾನು. ಈ ಮೂರು ಊರುಗಳಲ್ಲಿ ಕ್ರೈಸ್ತರ ಮನೆಗಳು ಹೆಚ್ಚಿಲ್ಲ. ಯಾರ ಮನೆಯ ಮಗಳಿಗೆ ಎಲ್ಲಿಂದ ಸಂಬಂಧ ಬಂತು, ಯಾರ ಸೊಸೆ ತವರಿಗೆ ಬಂದು ಎಷ್ಟು ದಿನವಾಯಿತು ಎಂಬುದು ಭಾನುವಾರದ ಆರಾಧನೆ ಮುಗಿದು ಚಪ್ಪಲಿ ಹಾಕಿಕೊಳ್ಳುವಷ್ಟರಲ್ಲಿ ಎಲ್ಲರಿಗೂ ತಿಳಿಯುತ್ತದೆ. ಅಷ್ಟು ವರ್ಷ ನೋಡಿ ನನಗೆ ಗೊತ್ತಾದದ್ದು ಇಷ್ಟು. ಗಂಡುಮಗ ದುಬೈಗೆ ಹೊರಟರೆ ‘ಪ್ರಾರ್ಥನೆ ಮಾಡಿಕೊಂಡು ಹೋಗಪ್ಪ’ ಅನ್ನುತ್ತಾರೆ. ಹೆಣ್ಣುಮಗಳು ಬೆಂಗಳೂರಿಗೆ ಹೊರಟರೆ ‘ಇದು ದೇವರ ಚಿತ್ತವೋ ಅಲ್ಲವೋ ನೋಡಬೇಕಮ್ಮ’ ಅನ್ನುತ್ತಾರೆ. ನೋಡುವವರು ಯಾರು? ಅವಳಂತೂ ಅಲ್ಲ.

ಒಬ್ಬ ಹುಡುಗಿಯ ಕಥೆ ಹೇಳುತ್ತೇನೆ. ನನ್ನ ಕೈಯಲ್ಲಿ ಓದಿದವಳು. ನರ್ಸಿಂಗ್ ತರಬೇತಿ ಮುಗಿಸಿದಳು, ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಕೆಲಸವೂ ಸಿಕ್ಕಿತು. ಅವರ ಮನೆಯವರು ಹೋಗುತ್ತಿದ್ದ ಪ್ರಾರ್ಥನಾ ಕೂಟದ ಹಿರಿಯರೊಬ್ಬರು ಒಂದು ಸಂಜೆ ಬಂದು, ಮೂರು ದಿನ ಉಪವಾಸವಿದ್ದಾಗ ಕರ್ತನು ತಮಗೆ ಈ ಹುಡುಗಿಯ ವಿಷಯ ತೋರಿಸಿದನೆಂದು ಹೇಳಿದರು. ಬೆಂಗಳೂರು ಬೇಡವಂತೆ, ಮದುವೆಯಾಗಬೇಕಂತೆ. ವರ ಯಾರೆಂಬುದನ್ನೂ ಕರ್ತನು ತೋರಿಸಿದ್ದ. ಆ ಹಿರಿಯರ ಅಕ್ಕನ ಮಗ!

ಹುಡುಗಿ ನನ್ನ ಮನೆಗೆ ಬಂದು ಅಡುಗೆಮನೆಯ ಹೊಸ್ತಿಲಲ್ಲಿ ಕೂತಳು. ‘‘ಟೀಚರ್, ದೇವರು ಅದನ್ನ ನನಗ್ಯಾಕೆ ತೋರಿಸಲಿಲ್ಲ?’’ ಅಂದಳು.

‘‘ನೀನು ಪ್ರಾರ್ಥನೆ ಮಾಡೋದಿಲ್ವೇನೆ?’’

‘‘ಮಾಡ್ತೀನಿ. ಆದ್ರೆ ಬ್ರದರ್ ಅಷ್ಟು ಮಾಡಲ್ಲ.’’

‘‘ಮದುವೆ ಬ್ರದರ್‌ಗೋ ನಿನಗೋ?’’

ಅವಳು ನಕ್ಕಳು. ಆಮೇಲೆ ಅತ್ತಳು. ಮಾರನೆಯ ವಾರ ಧೈರ್ಯ ಮಾಡಿ ಆ ಹಿರಿಯರನ್ನೇ ಕೇಳಿದಳಂತೆ, ‘‘ನಾನು ಒಲ್ಲೆ ಅಂದರೆ?’’ ಎಂದು. ‘‘ಕರ್ತನ ಚಿತ್ತ ಮೀರಿದವರ ಮನೆ ಏಳಿಗೆಯಾಗೋದಿಲ್ಲಮ್ಮ’’ ಎಂಬ ಉತ್ತರ ಬಂತು. ಅವಳು ಕಡೂರಿನಲ್ಲಿ ರೈಲು ಹತ್ತಿದಳು. ಈಗ ವಾರ್ಡಿನ ಜವಾಬ್ದಾರಿ ಹೊತ್ತ ನರ್ಸು, ತಾನೇ ಒಪ್ಪಿದವನನ್ನು ಮದುವೆಯಾಗಿದ್ದಾಳೆ, ಮನೆಗೆ ದುಡ್ಡೂ ಕಳಿಸುತ್ತಾಳೆ. ಆರು ತಿಂಗಳಾಗುವಷ್ಟರಲ್ಲಿ ಆ ಹಿರಿಯರಿಗೆ ಅಕ್ಕನ ಮಗನ ವಿಷಯದಲ್ಲಿ ಇನ್ನೊಂದು ದರ್ಶನವಾಯಿತು, ಇನ್ನೊಬ್ಬ ಹುಡುಗಿಯ ಹೆಸರಿನಲ್ಲಿ. ಮೊದಲಿನ ದರ್ಶನ ಏನಾಯಿತೆಂದು ಯಾರೂ ಕೇಳಲಿಲ್ಲ.

ಅಜ್ಜಂಪುರದ ಅಮೃತಮಹಲ್ ತಳಿ ಕೇಂದ್ರದ ಹೆಸರನ್ನು ನೀವು ಕೇಳಿರಬಹುದು. ಅಲ್ಲಿ ಯಾವ ಹಸುವಿಗೆ ಯಾವ ಹೋರಿ ಎಂಬುದನ್ನು ತಿಳಿದವರು ಗೊತ್ತುಮಾಡುತ್ತಾರೆ, ಹಸುವನ್ನು ಯಾರೂ ಕೇಳುವುದಿಲ್ಲ. ದನದ ವಿಷಯಕ್ಕೆ ಅದು ಸರಿ. ದೇವರು ತನ್ನ ಸ್ವರೂಪದಲ್ಲಿ ಉಂಟುಮಾಡಿದನೆಂದು ನಾವೇ ಬೋಧಿಸುವ ಹೆಣ್ಣಿನ ವಿಷಯಕ್ಕೂ ಅದೇ ಕ್ರಮವೆ?

ಸತ್ಯವೇದದಲ್ಲಿ, ಅರಸುಗಳ ಮೊದಲನೆಯ ಪುಸ್ತಕದ ಹದಿಮೂರನೆಯ ಅಧ್ಯಾಯದಲ್ಲಿ ಒಂದು ಕಥೆಯಿದೆ. ನಮ್ಮ ಕೂಟಗಳಲ್ಲಿ ಅದರ ಮೇಲೆ ಪ್ರಸಂಗ ಕೇಳಿದ ನೆನಪು ನನಗಿಲ್ಲ. ಒಬ್ಬ ದೇವರ ಮನುಷ್ಯನಿಗೆ, ಈ ಊರಿನಲ್ಲಿ ಊಟ ಮಾಡಬೇಡ, ನೀರು ಕುಡಿಯಬೇಡ ಎಂದು ದೇವರು ನೇರವಾಗಿ ಹೇಳಿರುತ್ತಾನೆ. ಮುದಿ ಪ್ರವಾದಿಯೊಬ್ಬ ಬಂದು, ನಾನೂ ಪ್ರವಾದಿಯೇ, ನಿನ್ನನ್ನು ಮನೆಗೆ ಕರೆತರುವಂತೆ ದೂತನೊಬ್ಬ ನನಗೆ ತಿಳಿಸಿದ್ದಾನೆ ಎಂದು ಸುಳ್ಳು ಹೇಳುತ್ತಾನೆ. ಅವನು ನಂಬಿ ಹೋಗಿ ಉಣ್ಣುತ್ತಾನೆ. ಹಿಂದಿರುಗುವಾಗ ದಾರಿಯಲ್ಲಿ ಸಿಂಹ ಅವನನ್ನು ಕೊಲ್ಲುತ್ತದೆ. ಸುಳ್ಳು ಹೇಳಿದ ಮುದುಕ ಬದುಕಿಯೇ ಇರುತ್ತಾನೆ! ತನಗೆ ಬಂದ ಮಾತನ್ನು ಬಿಟ್ಟು ಇನ್ನೊಬ್ಬರಿಗೆ ‘ಬಂದ’ ಮಾತಿನ ಹಿಂದೆ ಹೋದವರ ಗತಿ ಏನೆಂಬುದನ್ನು ಇದಕ್ಕಿಂತ ನಿಷ್ಠುರವಾಗಿ ಹೇಳಲಾಗದು.

ಇನ್ನು ಚೀಟಿಯ ವಿಷಯ. ಡಿಸೆಂಬರ್ 31ರ ರಾತ್ರಿ ಅನೇಕ ಸಭೆಗಳಲ್ಲಿ ವಾಗ್ದಾನದ ಚೀಟಿ ಎತ್ತುತ್ತಾರೆ. ಚೀಟಿಯಲ್ಲಿ ಬಂದ ವಾಕ್ಯ ವರ್ಷಪೂರ್ತಿ ನಮ್ಮದು. ಹಬ್ಬದ ಸಂತೋಷಕ್ಕೆ ಅದಿರಲಿ ಬಿಡಿ. ಆದರೆ ಎರಡು ಚೀಟಿಯಲ್ಲಿ ‘ಹೌದು’ ‘ಇಲ್ಲ’ ಬರೆದು ಬೈಬಲ್ಲಿನ ನಡುವೆ ಇಟ್ಟು, ಮಗುವಿನ ಕೈಯಲ್ಲಿ ಎತ್ತಿಸಿ ಮಗಳ ಮದುವೆ ತೀರ್ಮಾನಿಸಿದ ಮನೆಯನ್ನೂ ನಾನು ಕಂಡಿದ್ದೇನೆ. ಪಕ್ಕದ ಮನೆಯವರು ದೇವಸ್ಥಾನದಲ್ಲಿ ಹೂಪ್ರಸಾದ ಕೇಳಿದರೆ ಮೂಢನಂಬಿಕೆ ಎನ್ನುವವರು ಇವರೇ. ಆ ನೆರೆಯವರಾದರೂ ಹೂವು ಎಡಕ್ಕೆ ಬಿದ್ದರೆ ಒಪ್ಪಿಕೊಂಡು ಸುಮ್ಮನಾಗುತ್ತಾರೆ. ನಮ್ಮವರು ‘ಇನ್ನೊಂದು ಸಲ ಎತ್ತು ಮಗಾ’ ಅನ್ನುತ್ತಾರೆ.

ಕೇಳಿದರೆ ಗಿದ್ಯೋನನ ಉದಾಹರಣೆ ಕೊಡುತ್ತಾರೆ. ಅವನು ಕಣದಲ್ಲಿ ಉಣ್ಣೆ ಹರಡಿ ಇಬ್ಬನಿಯ ಗುರುತು ಕೇಳಲಿಲ್ಲವೆ ಎನ್ನುತ್ತಾರೆ. ಕೇಳಿದ, ನಿಜ. ಆದರೆ ಏನು ಮಾಡಬೇಕೆಂದು ಅವನಿಗೆ ದೇವರು ಆಗಲೇ ಸ್ಪಷ್ಟವಾಗಿ ಹೇಳಿಯಾಗಿತ್ತು. ಉಣ್ಣೆ ಹರಡಿದ್ದು ದಾರಿ ತಿಳಿಯಲಿಕ್ಕಲ್ಲ, ಅಂಜಿಕೆಗೆ. ಮತ್ತೀಯನನ್ನು ಚೀಟು ಹಾಕಿ ಅಪೊಸ್ತಲನನ್ನಾಗಿ ಆರಿಸಲಿಲ್ಲವೆ ಎಂದರೆ, ಅದೂ ನಿಜ. ಅದು ಪಂಚಾಶತ್ತಮ ಹಬ್ಬಕ್ಕೆ ಮುಂಚೆ. ಪವಿತ್ರಾತ್ಮ ಬಂದ ಮೇಲೆ ಅಪೊಸ್ತಲರು ಒಮ್ಮೆಯೂ ಚೀಟು ಹಾಕಿದ ಸುದ್ದಿ ಹೊಸ ಒಡಂಬಡಿಕೆಯಲ್ಲಿಲ್ಲ. ಕೂತು ಮಾತಾಡಿದರು, ವಾದ ಮಾಡಿದರು, ತೀರ್ಮಾನಕ್ಕೆ ಬಂದರು. ಪೌಲ ರೋಮಿನವರಿಗೆ ಬರೆಯುವಾಗಲೂ ದೇವರ ಚಿತ್ತವನ್ನು ತಿಳಿಯುವುದನ್ನು ಮನಸ್ಸು ಹೊಸದಾಗುವುದರ ಜೊತೆಗೇ ಹೇಳುತ್ತಾನೆ. ಬುದ್ಧಿಯನ್ನು ಬಾಗಿಲಾಚೆ ಬಿಟ್ಟು ಬರಲು ಅವನು ಹೇಳಿಲ್ಲ.

ಈಗ ಆಸ್ತಿಯ ಮಾತಿಗೆ ಬರೋಣ. ದೇವರ ಚಿತ್ತ ಅತ್ಯಂತ ಚುರುಕಾಗಿ ಓಡಾಡುವುದು ಅಲ್ಲೇ. ನನ್ನ ಸೋದರತ್ತೆಗೆ ತಂದೆಯ ಎರಡು ಎಕರೆ ಈರುಳ್ಳಿ ಹೊಲದಲ್ಲಿ, ಒಂದು ಹಂಚಿನ ಮನೆಯಲ್ಲಿ ಪಾಲಿತ್ತು. ಅವರ ಅಣ್ಣ ಹಕ್ಕು ಬಿಡುಗಡೆ ಪತ್ರ ಬರೆಸಿಕೊಂಡು ಬಂದರು. ಜೊತೆಗೆ ಉಪದೇಶ ಮಾಡಬಲ್ಲ ಹಿರಿಯರೊಬ್ಬರನ್ನೂ ಕರೆತಂದರು. ಉಪದೇಶದ ಸಾರ ಇದು: ಅಬ್ರಹಾಮನು ಜಗಳ ಬೇಡವೆಂದು ಲೋಟನಿಗೆ ಒಳ್ಳೆಯ ಭೂಮಿ ಬಿಟ್ಟುಕೊಟ್ಟ, ಸಮಾಧಾನವೇ ದೇವರ ಚಿತ್ತ, ಸೈನ್ ಹಾಕಮ್ಮ. ಅತ್ತೆ ಹಾಕಿದರು. ಗಂಡ ತೀರಿಕೊಂಡ ಮೇಲೆ ಅದೇ ಅಣ್ಣನ ಮನೆಯ ಹಿತ್ತಲ ಕೋಣೆಯಲ್ಲಿ ಹನ್ನೊಂದು ವರ್ಷ ಇದ್ದರು. ಊಟಕ್ಕೆ ಕರೆದಾಗ ಹೋಗುತ್ತಿದ್ದರು, ಕರೆಯದಿದ್ದರೆ ಇಲ್ಲ.

ಆದಿಕಾಂಡವನ್ನು ತೆಗೆದು ನೋಡಿ. ಅಬ್ರಹಾಮ ಹಿರಿಯ, ಲೋಟ ಅವನ ತಮ್ಮನ ಮಗ. ಹಿರಿಯನಾದವನು ಕಿರಿಯನಿಗೆ ‘ನೀನೇ ಮೊದಲು ಆರಿಸಿಕೋ’ ಎಂದ ಕಥೆ ಅದು. ಆ ಕಥೆಯಂತೆ ನಡೆಯುವುದಾದರೆ ಅಣ್ಣ ತಂಗಿಗೆ ಮೊದಲು ಆರಿಸಿಕೊಳ್ಳಲು ಹೇಳಬೇಕಿತ್ತು. ಉಪದೇಶಕರು ಕಥೆಯನ್ನು ತಲೆಕೆಳಗು ಮಾಡಿ ಹಿಡಿದಿದ್ದರು.

ಅವರು ಓದಬೇಕಿದ್ದ ಕಥೆ ಅರಣ್ಯಕಾಂಡದ ಇಪ್ಪತ್ತೇಳನೆಯ ಅಧ್ಯಾಯದಲ್ಲಿದೆ. ಚಲ್ಪಹಾದನಿಗೆ ಗಂಡುಮಕ್ಕಳಿರಲಿಲ್ಲ, ಐದು ಜನ ಹೆಣ್ಣುಮಕ್ಕಳು. ಆ ಐವರೂ ಮೋಶೆಯ ಮುಂದೆ, ಯಾಜಕನ ಮುಂದೆ, ಇಡೀ ಜನಸಮೂಹದ ಮುಂದೆ ನಿಂತು ನಮ್ಮ ಅಪ್ಪನ ಪಾಲು ನಮಗೆ ಕೊಡಿ ಎಂದು ಕೇಳಿದರು. ಮೋಶೆಗೆ ಉತ್ತರ ಹೊಳೆಯಲಿಲ್ಲ, ದೇವರನ್ನು ಕೇಳಿದ. ಈ ಹೆಣ್ಣುಮಕ್ಕಳು ಹೇಳುವುದು ನ್ಯಾಯ ಎಂದು ದೇವರು ತೀರ್ಪು ಕೊಟ್ಟ. ಕಾನೂನೇ ಬದಲಾಯಿತು. ಆಮೇಲೆ ಕುಲದ ಗಂಡಸರು ಬಂದು, ಅವರು ನಮ್ಮ ಕುಲದೊಳಗೇ ಮದುವೆಯಾಗಬೇಕು ಎಂಬ ಷರತ್ತು ಸೇರಿಸಿಕೊಂಡರೆನ್ನಿ! ಆದರೂ ಸುಮ್ಮನಿರುವುದೇ ದೇವರ ಚಿತ್ತವಾಗಿದ್ದರೆ ಆ ಐವರು ಗುಡಾರ ಬಿಟ್ಟು ಹೊರಗೆ ಬರಬೇಕಿರಲಿಲ್ಲ.

ನಮ್ಮ ದೇಶದ ಕಾನೂನೂ ಇದನ್ನೇ ಹೇಳುತ್ತದೆ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ಉಯಿಲು ಬರೆಯದೆ ತೀರಿಕೊಂಡ ಕ್ರೈಸ್ತನ ಆಸ್ತಿಯಲ್ಲಿ ವಿಧವೆಗೆ ಮೂರನೆಯ ಒಂದು ಭಾಗ, ಉಳಿದದ್ದರಲ್ಲಿ ಗಂಡು ಹೆಣ್ಣು ಮಕ್ಕಳಿಗೆ ಸಮಪಾಲು. ಕೇರಳದ ತಿರುವಾಂಕೂರು ಕಡೆಯ ಕ್ರೈಸ್ತ ಹೆಣ್ಣುಮಕ್ಕಳಿಗೆ ಈ ಹಕ್ಕೂ ಇರಲಿಲ್ಲ. ಮೇರಿ ರಾಯ್ ಎಂಬ ಹೆಣ್ಣುಮಗಳು ಸುಪ್ರೀಂ ಕೋರ್ಟಿನವರೆಗೆ ಹೋಗಿ 1986ರಲ್ಲಿ ಗೆದ್ದ ಮೇಲೆ ಬಂತು. ದೇವರ ಚಿತ್ತ ತಿಳಿಯಬೇಕೆನ್ನುವವಳು ಸತ್ಯವೇದದ ಜೊತೆಗೆ ಈ ಕಾಯ್ದೆಯನ್ನೂ ಓದಿಕೊಂಡಿರಬೇಕು. ಅರ್ಧ ವಿಷಯ ಗೊತ್ತಿಲ್ಲದವಳಿಗೆ ದೇವರ ಮನಸ್ಸು ಹೇಗೆ ಗೊತ್ತಾದೀತು?

ಹೊಡೆತ ತಿನ್ನುವವಳಿಗೂ ಇದೇ ಮದ್ದು. ‘ಶಿಲುಬೆ ಹೊತ್ತುಕೊಳ್ಳಮ್ಮ, ಇದೂ ದೇವರ ಚಿತ್ತ.’ ಕ್ರಿಸ್ತನ ಶಿಲುಬೆಯನ್ನು ಯಾರೂ ಅವನ ಮೇಲೆ ಹೇರಲಾಗಲಿಲ್ಲ, ತನ್ನ ಪ್ರಾಣವನ್ನು ತಾನೇ ಕೊಡುವುದಾಗಿ ಅವನು ಮೊದಲೇ ಹೇಳಿದ್ದ. ಮಹಾಯಾಜಕನ ಮನೆಯಲ್ಲಿ ಕಾವಲಿನವನೊಬ್ಬ ಕೆನ್ನೆಗೆ ಹೊಡೆದಾಗ, ನನ್ನ ತಪ್ಪೇನು, ಯಾಕೆ ಹೊಡೆದೆ ಎಂದು ಕೇಳಿಯೂ ಕೇಳಿದ್ದ. 1869ರ ಭಾರತೀಯ ವಿಚ್ಛೇದನ ಕಾಯ್ದೆಯಲ್ಲಿ ಗಂಡನಿಗೆ ಹೆಂಡತಿಯ ವ್ಯಭಿಚಾರ ತೋರಿಸಿದರೆ ಸಾಕಿತ್ತು, ಹೆಂಡತಿ ಮಾತ್ರ ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ ತೊರೆದು ಹೋದದ್ದನ್ನೋ ಸಾಬೀತು ಮಾಡಬೇಕಿತ್ತು. 2001ರಲ್ಲಿ ಅದಕ್ಕೆ ತಿದ್ದುಪಡಿಯಾಯಿತು. ಆ ನೂರಮೂವತ್ತು ವರ್ಷ ಸಹಿಸಿಕೊಂಡ ಹೆಂಗಸರಿಗೆಲ್ಲ ದೇವರ ಚಿತ್ತ ಎಂದು ಹೇಳಿದ್ದು ಬ್ರಿಟಿಷರು ಬರೆದ ಒಂದು ಕಲಮನ್ನು. ಹಾಗೆಯೇ ಹೆಂಗಸು ಸಭೆಯ ಮೇಲ್ವಿಚಾರಣೆ ಮಾಡುವುದು ದೇವರ ಚಿತ್ತವಲ್ಲ ಎಂದು ಎಷ್ಟೋ ಕಾಲ ಹೇಳಿದರು. 2013ರಲ್ಲಿ ದಕ್ಷಿಣ ಭಾರತ ಸಭೆ ಪುಷ್ಪಲಲಿತಾ ಅವರನ್ನು ನಂದ್ಯಾಲದ ಬಿಷಪ್ಪರನ್ನಾಗಿ ಮಾಡಿತು. ಆ ವರ್ಷ ದೇವರ ಮನಸ್ಸು ಬದಲಾಯಿತೆ? ಸಮಿತಿಯಲ್ಲಿ ಕೂತವರ ಮನಸ್ಸು ಬದಲಾಯಿತು, ಅಷ್ಟೆ.

ದೇವರ ಚಿತ್ತಕ್ಕೆ ತಲೆಬಾಗಿದ ಹೆಣ್ಣು ಎಂದಾಗ ಎಲ್ಲರೂ ಹೇಳುವುದು ಮರಿಯಳ ಹೆಸರು. ಹೇಳಲಿ. ಆದರೆ ಲೂಕನ ಸುವಾರ್ತೆಯನ್ನು ನಿಧಾನವಾಗಿ ಓದಲಿ. ದೂತ ಬಂದು ವಂದಿಸಿದಾಗ ಅವಳು ತಳಮಳಗೊಂಡು ಯೋಚಿಸುತ್ತಾಳೆ. ಆಮೇಲೆ, ಇದು ಹೇಗಾದೀತು ಎಂದು ಪ್ರಶ್ನೆ ಕೇಳುತ್ತಾಳೆ. ದೂತ ಗದರುವುದಿಲ್ಲ, ಶಾಪ ಬರುತ್ತದೆ ಎನ್ನುವುದಿಲ್ಲ, ವಿವರಿಸುತ್ತಾನೆ. ಅವಳು ಒಪ್ಪಿದ ಮೇಲೆಯೇ ಹೊರಟುಹೋಗುತ್ತಾನೆ. ಇನ್ನೊಂದನ್ನೂ ಗಮನಿಸಿ. ಮರಿಯಳಿಗೆ ಹೇಳಬೇಕಾದ್ದನ್ನು ದೇವರು ಮರಿಯಳಿಗೇ ಹೇಳಿದ. ಯೋಸೇಫನಿಗೆ ಹೇಳಬೇಕಾದ್ದನ್ನು ಅವನಿಗೆ ಬೇರೆಯಾಗಿ ಕನಸಿನಲ್ಲಿ ಹೇಳಿದ. ‘ನಿನ್ನ ಹೆಂಡತಿಗೆ ತಿಳಿಸಿಬಿಡು’ ಎಂದು ಗಂಡನ ಕೈಯಲ್ಲಿ ಕಳಿಸಲಿಲ್ಲ. ನನ್ನ ಹೆಸರಿಗೆ ಬಂದ ಕಾಗದವನ್ನು ಮನೆಯವರು ಒಡೆದು ಓದಿದರೆ ನಾವು ಸಿಟ್ಟಾಗುತ್ತೇವೆ. ದೇವರ ಕಾಗದವನ್ನು ಮಾತ್ರ ಯಾರು ಬೇಕಾದರೂ ಒಡೆಯಬಹುದೆ?

ನಮ್ಮ ಜಿಲ್ಲೆಯ ಮಲೆಯಿಂದಲೇ ಒಂದು ಉದಾಹರಣೆ ಕೊಡುತ್ತೇನೆ. ಭದ್ರಾ ನದಿ ಹುಟ್ಟುವುದು ಗಂಗಾಮೂಲದಲ್ಲಿ. ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ಅದಕ್ಕೆ ಅಣೆಕಟ್ಟಿದೆ. ಆ ಗಂಗಾಮೂಲದ ಕಾಡಿನಲ್ಲಿ 1858ರಲ್ಲಿ ಪಂಡಿತಾ ರಮಾಬಾಯಿ ಹುಟ್ಟಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಬಳಿಯ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಉಡುಪಿಯ ಪಂಡಿತರ ಮುಂದೆ ಶಾಸ್ತ್ರಾಧಾರ ಕೊಟ್ಟು ಸಮರ್ಥಿಸಿಕೊಳ್ಳಬೇಕಾಯಿತು. ಆ ತಾಯಿಯೇ ಮಗಳಿಗೆ ಕಲಿಸಿದರು. ಬರಗಾಲದಲ್ಲಿ ತಂದೆತಾಯಿಯನ್ನು ಕಳೆದುಕೊಂಡು, ಕಲ್ಕತ್ತೆಯಲ್ಲಿ ಪಂಡಿತೆ ಎಂಬ ಬಿರುದು ಪಡೆದು, 1880ರಲ್ಲಿ ಜಾತಿಯ ಹೊರಗೆ ಮದುವೆಯಾಗಿ, ಎರಡೇ ವರ್ಷಕ್ಕೆ ವಿಧವೆಯಾಗಿ, ಕೈಗೂಸಿನೊಂದಿಗೆ ಇಂಗ್ಲೆಂಡಿಗೆ ಹೋದ ಹೆಣ್ಣುಮಗಳು. 1883ರಲ್ಲಿ ವಾಂಟೇಜಿನಲ್ಲಿ ದೀಕ್ಷಾಸ್ನಾನ ಪಡೆದರು.

ಅಲ್ಲಿಂದ ಮುಂದಿನದನ್ನು ನಮ್ಮ ಸಭೆಗಳಲ್ಲಿ ಹೇಳುವುದು ಕಡಿಮೆ. ದೀಕ್ಷೆ ಕೊಡಿಸಿದವರೇ, ಇನ್ನು ನಾವು ಹೇಳಿದಂತೆ ನಂಬು ಎಂದರು. ರಮಾಬಾಯಿ ಒಪ್ಪಲಿಲ್ಲ. ಅವರಿಗೂ ಅವರ ಆಧ್ಯಾತ್ಮಿಕ ತಾಯಿಯಂತಿದ್ದ ಸಿಸ್ಟರ್ ಜೆರಾಲ್ಡಿನ್ ಅವರಿಗೂ ನಡೆದ ಪತ್ರಗಳು ಉಳಿದಿವೆ. ಒಂದು ಪುರೋಹಿತವರ್ಗದ ನೊಗದಿಂದ ಈಗಷ್ಟೇ ಬಿಡಿಸಿಕೊಂಡ ನಾನು ಇನ್ನೊಂದರ ಕೆಳಗೆ ಕೊರಳು ಕೊಡಲಾರೆ, ದೇವರು ನನಗೂ ಮನಸ್ಸಾಕ್ಷಿ ಕೊಟ್ಟಿದ್ದಾನೆ ಎಂಬುದು ಅವರ ವಾದದ ತಿರುಳು. ಅವರು ಗಂಡು ವಿದ್ಯಾರ್ಥಿಗಳಿಗೆ ಪಾಠ ಹೇಳುವುದು ತರವಲ್ಲವೆಂದು ಬಿಷಪ್ಪರೇ ಅಡ್ಡ ಬಂದರು. ಅವರು ಹಟಮಾರಿ, ಅಹಂಕಾರಿ ಎನಿಸಿಕೊಂಡರು. ಆದರೆ 1889ರಲ್ಲಿ ಬೊಂಬಾಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. 1896ರ ಬರಗಾಲ ಬಂದಾಗ, ತಾನು ಹಸಿದ ದಿನಗಳು ನೆನಪಾಗಿ, ಮಧ್ಯಪ್ರಾಂತಕ್ಕೆ ಹೋಗಿ ಅನಾಥ ಹುಡುಗಿಯರನ್ನು ಕರೆತಂದರು. ಪುಣೆಯ ಹತ್ತಿರದ ಕೇಡಗಾಂವದ ಮುಕ್ತಿಯಲ್ಲಿ 1900ರ ಹೊತ್ತಿಗೆ ಸುಮಾರು 1,500 ಜನರಿದ್ದರು. ಅವರ ಮಗಳು ಮನೋರಮಾ ನಮ್ಮ ಗುಲ್ಬರ್ಗದಲ್ಲಿ ಶಾಲೆ ನಡೆಸಿದರು. ರಮಾಬಾಯಿಗೆ ದೇವರ ಚಿತ್ತ ಯಾವ ಬಿಷಪ್ಪರ ಕೈಯಲ್ಲೂ ಬರಲಿಲ್ಲ. ತಾನು ಕಂಡ ಹಸಿವು, ಓದಿದ ಸುವಾರ್ತೆ, ಪ್ರಶ್ನೆ ಬಿಡದ ಬುದ್ಧಿ, ಈ ಮೂರೂ ಸೇರಿದ ಕಡೆ ಅದು ಅವರಿಗೆ ಕಂಡಿತು.

‘ಹಾಗಾದರೆ ನನ್ನ ಮನಸ್ಸಿಗೆ ಬಂದದ್ದೆಲ್ಲ ದೇವರ ಚಿತ್ತವೋ’ ಎಂದು ಯಾರಾದರೂ ಕೇಳಿದರೆ, ಅದು ನ್ಯಾಯವಾದ ಪ್ರಶ್ನೆ. ಖಂಡಿತ ಅಲ್ಲ. ಆಸೆಯೂ ಮೋಸ ಮಾಡುತ್ತದೆ, ಭಯವೂ ಮೋಸ ಮಾಡುತ್ತದೆ. ಅದಕ್ಕೇ ಪರೀಕ್ಷಿಸಿ ನೋಡುವ ಕ್ರಮ ಬೇಕು. ಯೇಸುಸಭೆಯನ್ನು ಕಟ್ಟಿದ ಇಗ್ನೇಷಿಯಸ್ ಲೊಯೋಲ 1521ರಲ್ಲಿ ಪಾಂಪ್ಲೋನದ ಕಾಳಗದಲ್ಲಿ ಕಾಲಿಗೆ ಗುಂಡು ತಾಗಿ ಹಾಸಿಗೆ ಹಿಡಿದವರು. ಮಲಗಿದಲ್ಲೇ ತಮ್ಮ ಯೋಚನೆಗಳನ್ನು ಗಮನಿಸಿದರು. ಕೆಲವು ಕನಸುಗಳು ಆ ಹೊತ್ತಿಗೆ ಸಿಹಿ, ಆಮೇಲೆ ಬರಿದು. ಕೆಲವು ಹೋದಮೇಲೂ ಸಮಾಧಾನ ಉಳಿಸುತ್ತವೆ. ಇದರಿಂದ ಅವರು ಮಾಡಿದ ಕ್ರಮಗಳು ಅಡುಗೆಮನೆಯಲ್ಲಿ ನಿಂತವಳಿಗೂ ಆದೀತು. ಮನಸ್ಸು ಕುಗ್ಗಿದ ಹೊತ್ತಿನಲ್ಲಿ ಹಿಂದಿನ ನಿರ್ಧಾರ ಬದಲಿಸಬೇಡ. ಲಾಭ ನಷ್ಟ ಎರಡನ್ನೂ ತೂಗಿ ನೋಡು. ಗುರುತಿಲ್ಲದವರೊಬ್ಬರು ಇದೇ ಕಷ್ಟ ಹೇಳಿಕೊಂಡರೆ ಏನು ಸಲಹೆ ಕೊಡುತ್ತಿದ್ದೆ ಎಂದು ಯೋಚಿಸು. ಸಾಯುವ ಹೊತ್ತಿನಲ್ಲಿ ಯಾವುದನ್ನು ಮಾಡಿದ್ದರೆ ಚೆನ್ನಾಗಿತ್ತು ಅನ್ನಿಸೀತು, ಕೇಳಿಕೋ.

ಅವರು ಮಾರ್ಗದರ್ಶಕರಿಗೂ ಒಂದು ಕಟ್ಟಳೆ ಹಾಕಿದ್ದಾರೆ. ದಾರಿ ಕೇಳಿ ಬಂದವರನ್ನು ಇತ್ತಲೂ ಅತ್ತಲೂ ವಾಲಿಸಬಾರದು, ತಕ್ಕಡಿಯ ಮುಳ್ಳಿನಂತೆ ನಡುವೆ ನಿಲ್ಲಬೇಕು, ಮಾತು ದೇವರಿಗೂ ಆ ವ್ಯಕ್ತಿಗೂ ನೇರ ನಡೆಯಬೇಕು. ಬೀರೂರು, ತರೀಕೆರೆಗಳಲ್ಲಿ ಅಡಿಕೆ ತೂಗಿಸಿದವರಿಗೆ ತಕ್ಕಡಿಯ ಮುಳ್ಳಿಗೆ ಬೆರಳು ತಾಗಿದರೆ ಏನಾಗುತ್ತದೆಂದು ಗೊತ್ತು. ಅಕ್ಕನ ಮಗನನ್ನು ಮನಸ್ಸಿನಲ್ಲಿಟ್ಟುಕೊಂಡು ಉಪವಾಸ ಮಾಡಿದವರ ಬೆರಳು ಎಲ್ಲಿತ್ತು, ನೀವೇ ಹೇಳಿ.

ಅವಸರವೂ ಬೇಡ. ಮದರ್ ತೆರೇಸಾಗೆ ಬಡವರ ನಡುವೆ ಬದುಕಬೇಕೆಂಬ ಕರೆ ಬಂದದ್ದು 1946ರ ಸೆಪ್ಟೆಂಬರ್ 10ರಂದು, ಡಾರ್ಜಿಲಿಂಗಿಗೆ ಹೋಗುವ ರೈಲಿನಲ್ಲಿ. ಕಾನ್ವೆಂಟು ಬಿಟ್ಟದ್ದು 1948ರ ಆಗಸ್ಟಿನಲ್ಲಿ. ಸುಮಾರು ಎರಡು ವರ್ಷ ಬರೆದರು, ಕೇಳಿದರು, ಕಾದರು. ‘ಈ ಭಾನುವಾರದೊಳಗೆ ಹೇಳಮ್ಮ, ಕರ್ತನು ಕಾಯುತ್ತಿದ್ದಾನೆ’ ಎನ್ನುವವರು ನೆನಪಿಡಲಿ, ಕಾಯುವುದು ಕರ್ತನಿಗೆ ಕಷ್ಟವಲ್ಲ. ಕಷ್ಟವಾಗುವುದು ಛತ್ರ ಬುಕ್ ಮಾಡಿದವರಿಗೆ.

ನಮ್ಮ ಹುಡುಗಿಯರನ್ನು ಕಾಡುವ ದೊಡ್ಡ ಭಯವೆಂದರೆ, ದೇವರ ಚಿತ್ತ ಎಂಬುದು ಒಂದೇ ರೈಲು, ತಪ್ಪಿದರೆ ಜನ್ಮವೇ ಹೋಯಿತು ಎಂಬುದು. ಕಡೂರಿನಿಂದ ಹೊರಟವರು ಬೀರೂರು ಜಂಕ್ಷನ್ನಿನಲ್ಲಿ ಬೇರೆಯಾಗುತ್ತಾರೆ. ಒಂದು ಹಳಿ ತರೀಕೆರೆಯ ಕಡೆ ಶಿವಮೊಗ್ಗಕ್ಕೆ, ಇನ್ನೊಂದು ಅಜ್ಜಂಪುರದ ಕಡೆ ಹುಬ್ಬಳ್ಳಿಗೆ. ಇದನ್ನು ಹತ್ತಿದವಳು ಪುಣ್ಯವಂತೆ, ಅದನ್ನು ಹತ್ತಿದವಳು ಪಾಪಿ ಎಂದು ಯಾರೂ ಹೇಳುವುದಿಲ್ಲ. ಸತ್ಯವೇದದಲ್ಲಿ ದೇವರ ಚಿತ್ತ ಇದೇ ಎಂದು ಬಿಡಿಸಿ ಹೇಳಿದ ಕಡೆಯೆಲ್ಲ ಇರುವುದು ಪವಿತ್ರತೆ, ಕೃತಜ್ಞತೆ, ನ್ಯಾಯ, ಕರುಣೆ, ನಮ್ರತೆ. ನರ್ಸಾಗಿಯೂ ಅದನ್ನು ಮಾಡಬಹುದು, ಟೀಚರಾಗಿಯೂ, ಮದುವೆಯಾಗಿಯೂ, ಒಂಟಿಯಾಗಿಯೂ. ಎರಡು ಒಳ್ಳೆಯ ದಾರಿಗಳಿದ್ದಾಗ ಆರಿಸಿಕೊಳ್ಳುವ ಬುದ್ಧಿಯನ್ನೂ ದೇವರೇ ಕೊಟ್ಟಿದ್ದಾನೆ. ಅದನ್ನು ಉಪಯೋಗಿಸುವುದು ಅವಿಶ್ವಾಸವಲ್ಲ.

ಹಾಗಾಗಿ ಇನ್ನು ಮುಂದೆ ಯಾರಾದರೂ ನಿಮ್ಮ ಮನೆ ಬಾಗಿಲಿಗೆ ಬಂದು, ನಿಮ್ಮ ಮಗಳ ವಿಷಯ ದೇವರು ನನಗೆ ತೋರಿಸಿದ ಎಂದರೆ, ಕೂರಿಸಿ ಕಾಫಿ ಕೊಡಿ. ಆಮೇಲೆ ಮೂರು ಮಾತು ಕೇಳಿ. ಇದರಿಂದ ನಿಮಗೇನಾದರೂ ಲಾಭವುಂಟೆ? ಅವಳು ಒಲ್ಲೆ ಎಂದರೆ ನೀವು ಅವಳನ್ನು ಮೊದಲಿನಂತೆಯೇ ಕಾಣುತ್ತೀರಾ? ಅವಳು ಯೋಚಿಸಲು ಒಂದು ವರ್ಷ ಬೇಕೆಂದರೆ ಒಪ್ಪುತ್ತೀರಾ? ದೇವರಿಂದಲೇ ಬಂದ ಮಾತಾಗಿದ್ದರೆ ಈ ಮೂರು ಪ್ರಶ್ನೆಗೆ ಅದು ಹೆದರಬೇಕಿಲ್ಲ, ಮರಿಯಳ ಪ್ರಶ್ನೆಗೆ ದೂತನೂ ಹೆದರಲಿಲ್ಲ. ಬಂದವರು ಲೋಟ ಕೆಳಗಿಟ್ಟು ಸರಸರನೆ ಎದ್ದು ಹೋದರೆ ಬೇಸರಪಡಬೇಡಿ. ಮಗಳನ್ನು ಒಳಗಿನಿಂದ ಕರೆದು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ, ‘ನಿನಗೇನು ಅನ್ನಿಸುತ್ತಮ್ಮ?’ ಎಂದು. ಅವಳು ಉತ್ತರ ಕೊಡಲು ಎಷ್ಟು ಹೊತ್ತು ತೆಗೆದುಕೊಂಡರೂ ನಡುವೆ ಬಾಯಿ ಹಾಕಬೇಡಿ.